ಪಾರ್ಕ್ ಮೇಷ್ಟ್ರ ಎದುರು ಮೂರು ಗೋಲು

ಕಂಠೀರವದಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ (ಬಿಎಫ್‌ಸಿ) ಮ್ಯಾಚು ನೋಡಲು ಅಂತ ಯಾವತ್ತೋ ತಗೊಂಡಿದ್ದ ನೀಲಿ ಜರ್ಸಿ ಸೂಟ್‌ಕೇಸಿನ ತಳದಲ್ಲಿತ್ತು. ಬೆಂಗಳೂರಿನದ್ದೂ ನೀಲಿ, ಇಂಡಿಯಾದ್ದೂ ನೀಲಿ. ದೂರದಿಂದ ಯಾರಿಗೆ ಗೊತ್ತಾಗಬೇಕು ಅಂತ ಅದನ್ನೇ ಹಾಕಿಕೊಂಡು ಹೊರಟೆ. 2022ರ ಸೆಪ್ಟೆಂಬರ್ 27, ಮಂಗಳವಾರ. ಹೋ ಚಿ ಮಿನ್ ಸಿಟಿಯ, ಅಂದರೆ ಹಳೆಯ ಸೈಗಾನಿನ, ಥೋಂಗ್ ನ್ಯತ್ ಸ್ಟೇಡಿಯಂನಲ್ಲಿ ವಿಯೆಟ್ನಾಂ ಮತ್ತು ಇಂಡಿಯಾ ಫುಟ್‌ಬಾಲ್ ಮ್ಯಾಚು.

ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್ ಕ್ವಾಲಿಟಿ ನೋಡಿಕೊಂಡಿದ್ದವನು ನಾನು. ಕೊರೊನಾದಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಆಗ ನನಗೆ ಐವತ್ತೊಂದು. ಬಯೋಡೇಟಾ ಕೊಟ್ಟ ಕಡೆಯೆಲ್ಲ ಮೊದಲು ನೋಡುತ್ತಿದ್ದದ್ದು ಹುಟ್ಟಿದ ತಾರೀಕು. ಕೊನೆಗೆ ಹಳೆಯ ಗೆಳೆಯನೊಬ್ಬ ಇಲ್ಲಿಗೆ ಕರೆಸಿಕೊಂಡ. ಬಂದು ಐದು ತಿಂಗಳಾಗಿತ್ತು.

ಟಿಕೆಟ್ ತಂದವರು ನಮ್ಮ ಲೈನ್ ಸೂಪರ್‌ವೈಸರ್. ಕೆಲಸಕ್ಕೆ ಸೇರಿದ ದಿನವೇ ಇವರು ನನ್ನ ವಯಸ್ಸು ಕೇಳಿದ್ದರು. ಇಲ್ಲೂ ಇದೇ ಶುರುವಾಯಿತಲ್ಲಪ್ಪ ಅಂತ ಹೊಟ್ಟೆ ಧಸಕ್ಕೆಂದಿತ್ತು. ಆಮೇಲೆ ಗೊತ್ತಾಯಿತು, ವಿಯೆಟ್ನಾಮಿನಲ್ಲಿ ವಯಸ್ಸು ಗೊತ್ತಿಲ್ಲದೆ ಮಾತೇ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಹಾಗೆ 'ನೀವು' ಅಂದು ಪಾರಾಗಲು ಆಗದು. ಎದುರಿನವರು ಅಕ್ಕನೋ, ತಂಗಿಯೋ, ಚಿಕ್ಕಪ್ಪನೋ ಮೊದಲು ತೀರ್ಮಾನ ಆಗಬೇಕು. ಇವರು ನನಗಿಂತ ಮೂರು ವರ್ಷ ದೊಡ್ಡವರು. ಹಾಗಾಗಿ 'ಚಿ', ಅಂದರೆ ಅಕ್ಕ. ದಿನಕ್ಕೆ ನೂರು ಸಲ ಒಬ್ಬ ಹೆಂಗಸನ್ನು 'ಚೀ, ಚೀ' ಅಂತ ಕರೆಯುವುದು ನನಗೆ ಬಹಳ ದಿನ ಕಷ್ಟವಾಯಿತು. ನಮ್ಮೂರಲ್ಲಿ ಹಾಗಂದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು.

ಮ್ಯಾಚಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಗೇಟಿನ ಎದುರು ಫುಟ್‌ಪಾತಿನಲ್ಲಿ ಗೇಣುದ್ದದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಂಡಿ ಎದೆಗೆ ತಾಗುವ ಹಾಗೆ ಕೂತು, ಐಸ್ ಹಾಕಿದ ಟೀ ಕುಡಿದೆವು. ಸುತ್ತ ಕೆಂಪು ಪಟ್ಟಿ, ಹಳದಿ ನಕ್ಷತ್ರ, ಕಿವಿ ಕಿತ್ತುಹೋಗುವ ಪೀಪಿ. ಅಕ್ಕನ ಗಮನ ಮಾತ್ರ ಫೋನಿನ ಮೇಲೆ. ನೊರು ಅನ್ನುವ ಚಂಡಮಾರುತ ಆ ರಾತ್ರಿಯೇ ದೇಶದ ನಡುಭಾಗಕ್ಕೆ ಅಪ್ಪಳಿಸುವುದಿತ್ತು. ಅವರ ತವರು ಅಲ್ಲೇ, ಕ್ವಾಂಗ್ ನಾಮ್. ತಾಯಿಯನ್ನು ಶಾಲೆಯ ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದರಂತೆ.

"ಮನೆಗೆ ಹೋಗೋಣ ಬಿಡಿ ಅಕ್ಕ" ಅಂದೆ.

"ಮನೇಲಿ ಕೂತರೆ ಗಾಳಿ ನಿಲ್ಲುತ್ತಾ? ಇಲ್ಲಾದ್ರೆ ಪಾರ್ಕ್ ಮೇಷ್ಟ್ರನ್ನಾದರೂ ನೋಡ್ತೀನಿ."

ಅವರು ಅಂದದ್ದು 'ಥೈ ಪಾರ್ಕ್'. ಥೈ ಅಂದರೆ ಮೇಷ್ಟ್ರು. ವಿಯೆಟ್ನಾಂ ತಂಡದ ಆಗಿನ ಕೋಚ್ ಪಾರ್ಕ್ ಹಾಂಗ್ ಸಿಯೋ ಕೊರಿಯಾದವರು. ಆದರೆ ಇಲ್ಲಿ ಯಾರೂ ಕೋಚ್ ಅನ್ನುವುದಿಲ್ಲ, ಬರೀ ಮೇಷ್ಟ್ರು. ನನಗೂ ಅದೇ ರೂಢಿಯಾಗಿಬಿಟ್ಟಿದೆ.

ಅರ್ಧ ಇಂಗ್ಲಿಷು, ಅರ್ಧ ಫೋನಿನ ಅನುವಾದದಲ್ಲಿ ಅಕ್ಕ ಮೇಷ್ಟ್ರ ಕಥೆ ಹೇಳಿದರು. ಬಿಟ್ಟುಹೋದದ್ದನ್ನು ಆಮೇಲೆ ನಾನೇ ಹುಡುಕಿ ಓದಿಕೊಂಡೆ. ಆಡುವ ಕಾಲದಲ್ಲಿ ಗಿಡ್ಡ ಆಳು, ಆದರೆ ಓಡಿ ಓಡಿ ದಣಿಯದವರು. ಅಡ್ಡಹೆಸರೇ 'ಬ್ಯಾಟರಿ'. ದೊಡ್ಡ ಸ್ಟಾರ್ ಏನಲ್ಲ. 2002ರ ವಿಶ್ವಕಪ್ಪಿನಲ್ಲಿ ಹಾಲೆಂಡಿನ ಹಿಡ್ಡಿಂಕ್ ಕೊರಿಯಾದ ಕೋಚ್ ಆಗಿದ್ದಾಗ ಇವರು ಸಹಾಯಕ. ಪೋಲೆಂಡ್ ವಿರುದ್ಧ ಮೊದಲ ಗೋಲು ಹೊಡೆದ ಹ್ವಾಂಗ್ ಸುನ್ ಹಾಂಗ್ ಬೆಂಚಿನ ಕಡೆ ಓಡಿಬಂದು ಅಪ್ಪಿಕೊಂಡದ್ದು ಹಿಡ್ಡಿಂಕ್‌ನನ್ನಲ್ಲ, ಪಾರ್ಕ್‌ರನ್ನು. ಕೊರಿಯಾ ಸೆಮಿಫೈನಲ್ ತನಕ ಹೋಯಿತು. ಅದೇ ವರ್ಷ ಬುಸಾನ್ ಏಷ್ಯನ್ ಗೇಮ್ಸ್‌ಗೆ ಇವರನ್ನೇ ಕೋಚ್ ಮಾಡಿದರು. ಸೆಮಿಫೈನಲ್‌ನಲ್ಲಿ ಇರಾನ್ ಎದುರು ಪೆನಾಲ್ಟಿಯಲ್ಲಿ ಸೋತು ಕಂಚು ಬಂತು. ಕಂಚು ಸಾಲಲಿಲ್ಲ. ಕೆಲಸ ಹೋಯಿತು.

ಆಮೇಲೆ ಹದಿನೈದು ವರ್ಷ ಆ ಕ್ಲಬ್ಬು, ಈ ಕ್ಲಬ್ಬು. ಗ್ಯೊಂಗ್‌ನಾಮ್, ಜೊನ್ನಾಮ್, ಸೈನ್ಯದ ಹುಡುಗರು ಆಡುವ ಸಾಂಗ್ಜು. 2017ರಲ್ಲಿ ಚಾಂಗ್‌ವನ್ ಅನ್ನುವ ಊರಿನ ಮೂರನೇ ದರ್ಜೆಯ ತಂಡದಲ್ಲಿದ್ದರು. ವಯಸ್ಸು ಅರವತ್ತರ ಹತ್ತಿರ. ಪೀಣ್ಯದ ಭಾಷೆಯಲ್ಲಿ ಹೇಳುವುದಾದರೆ ಫಿನಿಶಿಂಗ್ ಸೆಕ್ಷನ್ನಿನಲ್ಲಿ ದಾರ ಕತ್ತರಿಸಲು ಕೂರಿಸಿದ ಹಾಗೆ. ಅದೇ ವರ್ಷದ ಕೊನೆಗೆ ವಿಯೆಟ್ನಾಮಿನಿಂದ ಕರೆ ಬಂತು.

"ಆಗ ನಮಗೂ ಬೇಜಾರೇ ಆಗಿತ್ತು" ಅಂದರು ಅಕ್ಕ. "ಮೂರನೇ ದರ್ಜೆಯವನನ್ನ ಯಾಕೆ ತಂದ್ರು ಅಂತ."

ಮೂರು ತಿಂಗಳು ಸಾಕಾಯಿತು. 2018ರ ಜನವರಿಯಲ್ಲಿ ಚೀನಾದ ಚಾಂಗ್‌ಝೌನಲ್ಲಿ 23 ವರ್ಷದೊಳಗಿನವರ ಏಷ್ಯನ್ ಟೂರ್ನಿ. ಇರಾಕ್ ಮತ್ತು ಕತಾರ್ ಎರಡನ್ನೂ ಪೆನಾಲ್ಟಿಯಲ್ಲಿ ಮುಗಿಸಿ ವಿಯೆಟ್ನಾಂ ಫೈನಲಿಗೆ ಬಂತು. ಫೈನಲ್ ದಿನ ಮೈದಾನದ ತುಂಬ ಹಿಮ. ಎಷ್ಟೋ ಹುಡುಗರು ಟಿವಿಯಲ್ಲಷ್ಟೇ ಹಿಮ ನೋಡಿದ್ದವರು. ಕ್ವಾಂಗ್ ಹಾಯ್ ಫ್ರೀಕಿಕ್ ಹೊಡೆಯುವ ಮುಂಚೆ ಚೆಂಡಿನ ಸುತ್ತಲಿನ ಹಿಮ ಸರಿಸಬೇಕಾಯಿತು. ಚೆಂಡು ಬಾಗಿ ಒಳಗೆ ಹೋಯಿತು. ಅಕ್ಕ ಆ ಗೋಲನ್ನು ಟೀ ಲೋಟ, ಸ್ಟೂಲು ಎಲ್ಲ ಜರುಗಿಸಿ ಮಾಡಿ ತೋರಿಸಿದರು. ಎಕ್ಸ್‌ಟ್ರಾ ಟೈಮ್ ಮುಗಿಯಲು ಇನ್ನೇನು ನಿಮಿಷ ಇರುವಾಗ ಉಜ್ಬೇಕಿಸ್ತಾನ ಗೆಲುವಿನ ಗೋಲು ಹೊಡೆಯಿತು. ದುಯ್ ಮಾನ್ ಅನ್ನುವ ಹುಡುಗ ಹಿಮದ ಗುಡ್ಡೆಯಲ್ಲಿ ಬಾವುಟ ನೆಟ್ಟ. ಸೋತು ಬಂದ ತಂಡವನ್ನು ನೋಡಲು ಹನೋಯಿ ರಸ್ತೆಯಲ್ಲಿ ಜನಜಾತ್ರೆ.

ಆ ವರ್ಷದ ಕೊನೆಗೆ ಆಗ್ನೇಯ ಏಷ್ಯಾದ ಫುಟ್‌ಬಾಲ್ ಕಪ್ ಗೆದ್ದರು, ಹತ್ತು ವರ್ಷದ ಮೇಲೆ. ಮರುವರ್ಷ ಆಗ್ನೇಯ ಏಷ್ಯಾದ ಕ್ರೀಡಾಕೂಟ ಸೀ ಗೇಮ್ಸ್‌ನಲ್ಲಿ ಚಿನ್ನ. ಕೊರಿಯಾದವರು ಇವರಿಗೆ 'ಅಕ್ಕಿ ಹಿಡ್ಡಿಂಕ್' ಅಂತ ಹೊಸ ಹೆಸರಿಟ್ಟರು. ಅಕ್ಕಿ ಬೆಳೆಯುವ ನಾಡಿನ ಹಿಡ್ಡಿಂಕ್ ಅಂತ. ನನಗೆ ಇದು ತುಂಬ ಹಿಡಿಸಿತು.

ಮೇಷ್ಟ್ರು ಮಾಡಿದ್ದೇನು ಅಂದರೆ ಮಂತ್ರವೇನಿಲ್ಲ. ವಿಯೆಟ್ನಾಂ ಹುಡುಗರಿಗೆ ದಮ್ಮಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಇವರು ನೋಡಿ, ದಮ್ಮಿದೆ, ಮೈಯ ಮೇಲ್ಭಾಗದಲ್ಲಿ ಕಸುವಿಲ್ಲ ಅಂದರು. ಊಟದಲ್ಲಿ ಹಾಲು, ಮಾಂಸ ಜಾಸ್ತಿ ಮಾಡಿಸಿದರು. ಹಿಂದೆ ಮೂರು ಡಿಫೆಂಡರ್‌ಗಳನ್ನು ನಿಲ್ಲಿಸಿ ಆಡಿಸಿದರು. ರಿಪೋರ್ಟ್ ನೋಡಿ ಪೀಸು ರಿಜೆಕ್ಟ್ ಮಾಡುವವರು ಬೇರೆ, ಕೈಯಲ್ಲಿ ಹಿಡಿದು ಹೊಲಿಗೆ ನೋಡುವವರು ಬೇರೆ. ಇವರು ಎರಡನೇ ಜಾತಿ. ಅಕ್ಕ ಒಂದು ಹಳೆಯ ವಿಡಿಯೊ ತೋರಿಸಿದರು. 2018ರ ಏಷ್ಯನ್ ಗೇಮ್ಸ್ ಸಮಯದಲ್ಲಿ ಆಟಗಾರನೊಬ್ಬ ತೆಗೆದದ್ದು. ಮೇಷ್ಟ್ರು ಕೂತು ಅವನ ಪಾದಕ್ಕೆ ಮಸಾಜ್ ಮಾಡುತ್ತಿದ್ದಾರೆ.

ಮ್ಯಾಚಿನ ಬಗ್ಗೆ ಹೇಳಲು ಜಾಸ್ತಿಯೇನಿಲ್ಲ. ಹತ್ತನೇ ನಿಮಿಷಕ್ಕೆ ಒಂದು ಗೋಲು ಬಿತ್ತು. ಎರಡನೇ ಅರ್ಧ ಶುರುವಾಗಿ ನಾನಿನ್ನೂ ಸರಿಯಾಗಿ ಕೂತಿರಲಿಲ್ಲ, ಇನ್ನೊಂದು. ಎಪ್ಪತ್ತನೇ ನಿಮಿಷಕ್ಕೆ ಮೂರನೆಯದು. ನಮ್ಮದು ಸೊನ್ನೆ. ಅಲ್ಲೊಂದು ಇಲ್ಲೊಂದು ತ್ರಿವರ್ಣ ಕಾಣುತ್ತಿತ್ತು. ಮೂರನೇ ಗೋಲಿನ ಹೊತ್ತಿಗೆ ನಾನು ಜರ್ಸಿ ಮೇಲೆ ಅಕ್ಕನ ರೇನ್‌ಕೋಟ್ ಹಾಕಿಕೊಂಡಿದ್ದೆ. ಚಳಿಗೆ ಅಂತ ಸುಳ್ಳು ಹೇಳಿದೆ. ಸೈಗಾನಿನಲ್ಲಿ ಚಳಿಯಂತೆ!

ಆದರೆ ಅರ್ಧ ಹೊತ್ತು ನಾನು ನೋಡಿದ್ದು ಆ ಕನ್ನಡಕದ ಗಿಡ್ಡ ಮನುಷ್ಯನನ್ನು. ಕೂರುವುದೇ ಇಲ್ಲ. ಗೆರೆಯ ತುದಿಗೆ ಬಂದು ಎರಡೂ ಕೈ ಬೀಸಿ ಕೂಗುವುದು. ಐದು ವರ್ಷವಾದರೂ ಅವರ ಮಾತಿಗೆ ದುಭಾಷಿ ಬೇಕಿತ್ತು. ಕೈಸನ್ನೆಗೆ ಮಾತ್ರ ಬೇಕಾಗಿರಲಿಲ್ಲ. ನಾನೂ ಲೈನಿನಲ್ಲಿ ಹಾಗೇ ಅಲ್ವಾ, ಕಾಲರ್ ಹಿಡಿದು ತೋರಿಸಿ ಮುಖ ಗಂಟಿಕ್ಕಿದರೆ ಹುಡುಗಿಯರಿಗೆ ಎಲ್ಲ ಅರ್ಥ.

ಮೂರೇ ವಾರಕ್ಕೆ ಅವರು ಬಿಟ್ಟು ಹೋಗುವ ಸುದ್ದಿ ಬಂತು. 2023ರ ಜನವರಿಯಲ್ಲಿ ಕೊನೆಯ ಫೈನಲ್ ಥಾಯ್ಲೆಂಡ್ ಎದುರು ಸೋತರು. ಅವತ್ತು ಅಕ್ಕ ಕ್ಯಾಂಟೀನಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಅದು ಆಮೇಲಿನ ಮಾತು.

ಇಲ್ಲಿ ದೊಡ್ಡ ಮ್ಯಾಚು ಗೆದ್ದರೆ ಬಾವುಟ ಹಿಡಿದು, ಪಾತ್ರೆ ಬಡಿಯುತ್ತ, ಊರೆಲ್ಲ ಸ್ಕೂಟರಿನಲ್ಲಿ ಸುತ್ತುತ್ತಾರೆ. ಅದಕ್ಕೆ 'ದಿ ಬಾವ್' ಅಂತ ಹೆಸರು. ಬಿರುಗಾಳಿಗೆ ಹೋಗುವುದು ಅಂತ ಅರ್ಥ. ನಾವು ಹೋಗಲಿಲ್ಲ. ಪಾರ್ಕಿಂಗಿನಲ್ಲಿ ಟೋಕನ್ ಕೊಟ್ಟು ಸ್ಕೂಟರ್ ತೆಗೆದಾಗ ಅಕ್ಕ ಮತ್ತೆ ಫೋನ್ ನೋಡಿದರು. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದ ಹುಡುಗರು ರೇನ್‌ಕೋಟಿನ ಕೆಳಗೆ ನನ್ನ ನೀಲಿ ಕಂಡು ಮೂರು ಬೆರಳು ತೋರಿಸಿ ನಕ್ಕರು. ಅಕ್ಕ ಏನೋ ಗದರಿದರು. ಹುಡುಗರು ತಲೆ ಬಗ್ಗಿಸಿ ಮುಂದೆ ಹೋದರು. ಏನಂದಿರಿ ಅಂತ ಕೇಳಿದರೆ ಹೇಳಲಿಲ್ಲ.

ಬೆಳಗಿನ ಜಾವ ಐದಕ್ಕೆ ಮೆಸೇಜು ಬಂತು. ಅನುವಾದಕ್ಕೆ ಹಾಕಿ ನೋಡಿದೆ. "ತಮ್ಮಾ, ಅಮ್ಮ ಚೆನ್ನಾಗಿದ್ದಾರೆ. ಮನೆಯ ಶೀಟು ಹಾರಿಹೋಗಿದೆ. ನಾನು ಬರುವುದು ತಡ. ನಾಲ್ಕನೇ ಲೈನಿನ ಕಾಲರ್ ನೀನೇ ನೋಡಿಕೋ. ರೇನ್‌ಕೋಟ್ ತಗೊಂಡು ಬಾ."