ಮನೆಮಂದಿಗೆಲ್ಲ ಒಂದೇ ರೀಚಾರ್ಜ್ ಯಾಕೆ?

ತಿಪಟೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ನನ್ನ ಕೆಲಸ. ರೀಚಾರ್ಜ್ ಮಾಡುವುದು, ಹೊಸ ಸಿಮ್ ಕೊಡುವುದು, ನಂಬರ್ ಪೋರ್ಟ್ ಮಾಡಿಸುವುದು. ಕೌಂಟರಿಗೆ ಬರುವವರಲ್ಲಿ ತುಂಬಾ ಜನ ಮನೆಯ ನಾಲ್ಕೈದು ನಂಬರ್ ಒಟ್ಟಿಗೆ ಹೇಳಿ, "ಎಲ್ಲಕ್ಕೂ ಅದೇ ಹಾಕ್ಬಿಡಿ" ಅನ್ನುತ್ತಾರೆ. ಅದೇ ಅಂದರೆ ದಿನಕ್ಕೆ ಒಂದೂವರೆ ಜಿಬಿ ಬರುವ 28 ದಿನದ ಪ್ಯಾಕ್. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಕಲಿತ ದೊಡ್ಡ ವಿಷಯ ಇದು: ನಂಬರ್ ಒತ್ತುವ ಮೊದಲು, ಆ ಫೋನ್ ಯಾರ ಕೈಯಲ್ಲಿರುತ್ತೆ ಅಂತ ಕೇಳಬೇಕು.

ಕೇಳಿದರೆ ಗೊತ್ತಾಗುತ್ತೆ. ಒಂದು ನಂಬರ್ ಅಜ್ಜಿಯದು, ಬಟನ್ ಫೋನ್. ಒಂದು ಕಾಲೇಜಿಗೆ ಹೋಗುವ ಮಗನದು. ಒಂದು ಅಮ್ಮನದು, ಮನೆಯಲ್ಲಿ ವೈಫೈ ಇದೆ. ಇನ್ನೊಂದು ಅಪ್ಪನದು, ಅವರಿಗೆ ಫೋನ್‌ಪೇ ಮತ್ತು ವಾಟ್ಸಾಪ್ ಇದ್ದರೆ ಸಾಕು. ಇವರೆಲ್ಲರಿಗೂ ಒಂದೇ ಅಳತೆ ಹೇಗೆ ಸರಿಹೋಗುತ್ತೆ?

ಮೊದಲು ಅಜ್ಜಿಯ ಫೋನಿನ ವಿಷಯ ಹೇಳುತ್ತೇನೆ, ಯಾಕಂದರೆ ದುಡ್ಡು ಹೆಚ್ಚು ಸೋರುವುದು ಅಲ್ಲೇ. ಬಟನ್ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ನೆಟ್ ಹಾಕಿಸುವ ಮನೆಗಳು ಈಗಲೂ ಇವೆ. ಬಳಸದ ನೆಟ್ ರಾತ್ರಿ ಹನ್ನೆರಡಕ್ಕೆ ಹೋಯಿತು ಅಂದರೆ ಹೋಯಿತು. ಡಿಸೆಂಬರ್ 2024ರಲ್ಲಿ, ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಒಂದು ನಿಯಮ ತಂದಿತು. ನೆಟ್ ಇಲ್ಲದ, ಬರೀ ಕಾಲ್ ಮತ್ತು ಎಸ್ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳಿತು. ಮುಂದಿನ ತಿಂಗಳೇ ಅಂಥ ಪ್ಯಾಕ್‌ಗಳು ಬಂದವು. ಜಿಯೋದಲ್ಲಿ 448 ರೂಪಾಯಿಗೆ 84 ದಿನ, 1,748 ರೂಪಾಯಿಗೆ 336 ದಿನ. ಏರ್‌ಟೆಲ್‌ನಲ್ಲಿ 469ಕ್ಕೆ 84 ದಿನ, 1,849ಕ್ಕೆ ಪೂರ್ತಿ 365 ದಿನ. ಆ್ಯಪ್ ತೆರೆದ ಕೂಡಲೇ ಇವು ಕಣ್ಣಿಗೆ ಬೀಳುವುದು ಕಡಿಮೆ. ಕೆಳಗೆ ಹುಡುಕಬೇಕು, ಇಲ್ಲವೇ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕು.

ನಾನು ಗಿರಾಕಿಗಳಿಗೆ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುವುದು ದಿನದ ಲೆಕ್ಕ. ಪ್ಯಾಕಿನ ರೇಟನ್ನು ದಿನಗಳಿಂದ ಭಾಗಿಸಿದರೆ ಆಯಿತು. ಜಿಯೋದ ಒಂದೂವರೆ ಜಿಬಿಯ, 299ರ 28 ದಿನದ ಪ್ಯಾಕ್ ದಿನಕ್ಕೆ 10 ರೂಪಾಯಿ 68 ಪೈಸೆ ಬೀಳುತ್ತೆ. 1,748ರದ್ದು 5 ರೂಪಾಯಿ 20 ಪೈಸೆ. ಅರ್ಧಕ್ಕೂ ಕಡಿಮೆ! ಇಷ್ಟು ತೋರಿಸಿದ ಮೇಲೆ ನಾನು ಬೇರೆ ವಿವರಿಸುವುದೇ ಬೇಕಾಗುವುದಿಲ್ಲ.

ಅಜ್ಜಿಯ ಕೈಯಲ್ಲಿರುವುದು ಸ್ಮಾರ್ಟ್‌ಫೋನ್ ಆದರೆ ಒಂದು ಮಾತು ಮಾತ್ರ ತಪ್ಪದೆ ಕೇಳುತ್ತೇನೆ. "ಅಜ್ಜಿ, ಮೊಮ್ಮಕ್ಕಳು ವಿಡಿಯೋ ಕಾಲ್ ಮಾಡ್ತಾರಾ?" ಹೌದು ಅಂದರೆ ಬರೀ ಕಾಲ್ ಪ್ಯಾಕ್ ಬೇಡ. ದೂರದಲ್ಲಿರುವ ಮಗಳ ಮುಖ ನೋಡುವುದು ತಪ್ಪಿಹೋದರೆ ಉಳಿಸಿದ ದುಡ್ಡಿನಿಂದ ಏನು ಸುಖ? ಅಂಥವರಿಗೆ ಕಡಿಮೆ ನೆಟ್ ಇರುವ ಪ್ಯಾಕ್ ಹುಡುಕಿ ಕೊಡುತ್ತೇನೆ. ಬ್ಯಾಂಕಿನ ಒಟಿಪಿ ಬರುವುದಕ್ಕೆ ನೆಟ್ ಬೇಕಿಲ್ಲ, ಅದು ಎಸ್ಎಂಎಸ್. ಫೋನ್‌ಪೇ, ಗೂಗಲ್ ಪೇ ಬಳಸುವವರಿಗೆ ಮಾತ್ರ ಸ್ವಲ್ಪವಾದರೂ ನೆಟ್ ಇರಲೇಬೇಕು.

ವರ್ಷದ ಪ್ಯಾಕ್ ಹಾಕಿಸಿದವರಿಗೆ ಅದು ಮುಗಿಯುವ ತಾರೀಖು ಮರೆತುಹೋಗುತ್ತೆ. ಅದಕ್ಕೆ ಫೋನಿನ ಹಿಂದೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿ ಬರೆದುಕೊಡುತ್ತೇನೆ.

ಮನೆಯ ಉಳಿದವರ ಲೆಕ್ಕಕ್ಕೆ ಊಹೆ ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲೇ ಡೇಟಾ ಯೂಸೇಜ್ ಅಂತ ಇರುತ್ತೆ. ತಿಂಗಳಿಗೆ ಎಷ್ಟು ಜಿಬಿ ಖರ್ಚಾಗಿದೆ ಅಂತ ಅದೇ ಹೇಳುತ್ತೆ. ವೈಫೈ ಇರುವ ಮನೆಯವರ ಫೋನ್ ತೆಗೆದು ನೋಡಿದರೆ ಸಿಮ್ ನೆಟ್ ಬಳಸಿರುವುದು ಎಷ್ಟೋ ಸಲ ತಿಂಗಳಿಗೆ ನಾಲ್ಕೈದು ಜಿಬಿಯೂ ಇರುವುದಿಲ್ಲ. ಅವರು ದುಡ್ಡು ಕೊಟ್ಟಿದ್ದು 42 ಜಿಬಿಗೆ. ಹಾಸ್ಟೆಲಿನಲ್ಲಿರುವ ಮಗನಿಗೆ ಅಷ್ಟೂ ಬೇಕಾಗಬಹುದು, ಅವನದನ್ನು ಕಡಿಮೆ ಮಾಡಲು ನಾನು ಹೇಳುವುದಿಲ್ಲ.

ಇನ್ನು 28 ದಿನದ ವಿಷಯ. ತಿಂಗಳಿಗೊಂದು ಸಲ ಅಂದುಕೊಂಡು ಹಾಕಿಸುತ್ತೀರಿ, ಆದರೆ ವರ್ಷಕ್ಕೆ 13 ಸಲ ಆಗುತ್ತೆ. 84 ದಿನದ್ದು ಹಾಕಿಸಿದರೆ ಉಳಿತಾಯ ಇದೆ. ಮೂರು ಸಲ 299 ಅಂದರೆ 897, ಅದೇ ನೆಟ್‌ನ 84 ದಿನದ ಪ್ಯಾಕ್ 799. ಹೀಗೆ ಹೇಳುವುದು ಸುಲಭ. ದಿನಗೂಲಿಯವರು ಮನೆಯ ಮೂರು ಫೋನಿಗೆ ಒಂದೇ ಸಲ 2,400 ಎಲ್ಲಿಂದ ತರಬೇಕು? ಈ ವ್ಯವಸ್ಥೆಯಲ್ಲಿ ಕೈಯಲ್ಲಿ ದುಡ್ಡಿರುವವರಿಗೇ ಕಡಿಮೆ ಬೀಳುತ್ತೆ, ಇಲ್ಲದವರಿಗೆ ಜಾಸ್ತಿ. ಇದು ನನಗೆ ದಿನಾ ಬೇಜಾರು ತರುವ ಸಂಗತಿ.

ಅದಕ್ಕೆ ನಾನು ಹೇಳುವ ದಾರಿ ಸರದಿ. ಮೂರು ಫೋನ್ ಇದ್ದರೆ ಮೊದಲ ಸಲ ಒಂದಕ್ಕೆ 84 ದಿನ, ಉಳಿದೆರಡಕ್ಕೆ 28 ದಿನ. ಮುಂದಿನ ಸಲ ಎರಡನೆಯದಕ್ಕೆ 84, ಆಮೇಲೆ ಮೂರನೆಯದಕ್ಕೆ. ಅಲ್ಲಿಂದ ಮುಂದೆ 28 ದಿನಕ್ಕೊಮ್ಮೆ ಒಂದೇ ಫೋನಿನ ಸರದಿ ಬರುತ್ತೆ. 897 ಕೊಡುವ ಜಾಗದಲ್ಲಿ 799. ಮೊದಲ ಸಲ 500 ರೂಪಾಯಿ, ಎರಡನೇ ಸಲ 201 ರೂಪಾಯಿ ಜಾಸ್ತಿ ಬೀಳುತ್ತೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆಯವರಿಗೆ ಕೊಬ್ಬರಿ ಮಾರಿದ ದುಡ್ಡು ಬಂದಾಗ ಶುರು ಮಾಡಿ ಅನ್ನುತ್ತೇನೆ.

"ಫ್ಯಾಮಿಲಿ ಪ್ಲಾನ್ ಇದ್ಯಂತಲ್ಲಣ್ಣ?" ಅಂತ ಕೇಳುವವರೂ ಇದ್ದಾರೆ. ಇದೆ, ಅದು ಪೋಸ್ಟ್‌ಪೇಯ್ಡ್, ಅಂದರೆ ಮೊದಲು ಬಳಸಿ ಆಮೇಲೆ ಬಿಲ್ ಕಟ್ಟುವುದು. ಜಿಯೋದ 449ರ ಪ್ಲಾನಿಗೆ ತಲಾ 150ರಂತೆ ಮೂರು ಸಿಮ್ ಸೇರಿಸಬಹುದು. ನಾಲ್ಕು ಸಿಮ್‌ಗೆ 899 ಆಯಿತು. ಆದರೆ ಪೋಸ್ಟ್‌ಪೇಯ್ಡ್ ರೇಟಿನ ಮೇಲೆ ಶೇ 18 ಜಿಎಸ್‌ಟಿ ಬೇರೆ, ಪ್ರೀಪೇಯ್ಡ್ ರೇಟಿನಲ್ಲಿ ಅದು ಸೇರಿಯೇ ಇರುತ್ತೆ. ಹಾಗಾಗಿ ಬಿಲ್ ಬರುವುದು ಸುಮಾರು 1,061. ನಾಲ್ಕು ಜನ 299 ಹಾಕಿಸುತ್ತಿದ್ದರೆ 28 ದಿನಕ್ಕೇ 1,196, ಹಾಗಾಗಿ ಇದು ಲಾಭವೇ. ಆದರೆ ಇಲ್ಲಿ ನೆಟ್ ದಿನದ ಲೆಕ್ಕದಲ್ಲಿ ಬರುವುದಿಲ್ಲ, ತಿಂಗಳಿಗೆ ಇಂತಿಷ್ಟು ಅಂತ ಇರುತ್ತೆ. ಮಿತಿ ದಾಟಿದರೆ ಬಿಲ್ ಏರುತ್ತೆ. ಮೊಬೈಲಿನಲ್ಲಿ ಸದಾ ವಿಡಿಯೋ ನೋಡುವ ಮಕ್ಕಳಿರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಅಜ್ಜಿಯ ಬಟನ್ ಫೋನನ್ನೂ ಇದಕ್ಕೆ ಸೇರಿಸುವುದು ಬೇಡ, 150ರ ಮೇಲೆ ಜಿಎಸ್‌ಟಿ ಸೇರಿದರೆ ಕಾಲ್ ಪ್ಯಾಕಿಗಿಂತ ಜಾಸ್ತಿಯೇ ಆಗುತ್ತೆ.

ದೊಡ್ಡ ಪ್ಯಾಕ್ ಮಾರಿದರೆ ಅಂಗಡಿಗೆ ಕಮಿಷನ್ ಸ್ವಲ್ಪ ಜಾಸ್ತಿ, ನಿಜ. ಆದರೂ ಸರಿಯಾದ್ದು ಹೇಳಿದ ಮನೆಯವರು ಹೊಸ ಸಿಮ್ಮಿಗೂ, ಕವರ್, ಚಾರ್ಜರ್‌ಗೂ ನಮ್ಮಲ್ಲಿಗೇ ಬರುತ್ತಾರೆ.

ಮೇಲಿನ ರೇಟ್‌ಗಳೆಲ್ಲ ಜುಲೈ 2024ರಲ್ಲಿ ಬೆಲೆ ಏರಿದ ನಂತರದವು. ಇವು ಬದಲಾಗುತ್ತಲೇ ಇರುತ್ತವೆ. ಹಾಕಿಸುವ ದಿನ ಕಂಪನಿಯ ಆ್ಯಪ್‌ನಲ್ಲಿ ಒಮ್ಮೆ ನೋಡಿ, ದಿನದ ಲೆಕ್ಕ ಮಾಡಿ. ಅಪ್ಪ ಅಮ್ಮನ ಫೋನಿಗೆ ಗೊತ್ತಿಲ್ಲದೆ ಕಾಲರ್ ಟ್ಯೂನ್ ಸೇರಿ ದುಡ್ಡು ಕಟ್ಟಾಗುತ್ತಿದ್ದರೆ, ಅದೇ ಫೋನಿನಿಂದ 155223ಕ್ಕೆ ಕರೆ ಮಾಡಿ ನಿಲ್ಲಿಸಬಹುದು. ಆ ಕರೆಗೆ ದುಡ್ಡಿಲ್ಲ.