ಅಜ್ಜಿಯ ಪಾಲಿನ ಸಾರು

ಹೋದ ವಾರ ನನ್ನ ಹುಟ್ಟುಹಬ್ಬ. ಬೆಳಿಗ್ಗೆ ಲಿಫ್ಟಿನಲ್ಲಿ ಎದುರುಮನೆ ಹಲ್ಮೊನಿ ಸಿಕ್ಕರು. ಹಲ್ಮೊನಿ ಅಂದರೆ ಅಜ್ಜಿ. ಹ್ಯಾಪಿ ಬರ್ತ್‌ಡೇ ಅನ್ನಲಿಲ್ಲ. "ಮಿಯೊಕ್‌ಗುಕ್ ತಿಂದ್ಯಾ?" ಅಂದರು.

ದಕ್ಷಿಣ ಕೊರಿಯಾದ ಬುಸಾನಿಗೆ ಬಂದು ನಾಲ್ಕು ವರ್ಷ. ಹುಟ್ಟುಹಬ್ಬದ ದಿನ ಇಲ್ಲಿನವರು ಕೇಳುವುದೇ ಇದು ಅಂತ ಗೊತ್ತು. ಕಡಲ ಪಾಚಿಯ ಸಾರು ತಿಂದೆಯಾ ಅಂತ. "ಇಲ್ಲ, ಸಂಜೆ ಕೇಕ್ ತರ್ತಾರೆ" ಅಂದೆ. ಅಜ್ಜಿಯ ಮುಖ ಸಣ್ಣದಾಯಿತು. ನಮ್ಮೂರಲ್ಲಿ ದೀಪಾವಳಿ ದಿನ ಎಣ್ಣೆಸ್ನಾನ ಮಾಡಿಲ್ಲ ಅಂದರೆ ಹಿರಿಯರು ನೋಡುತ್ತಾರಲ್ಲ, ಹಾಗೆ ನೋಡಿದರು.

ನಿಜ ಹೇಳಬೇಕೆಂದರೆ ನನಗೆ ಆ ಸಾರು ಅಂದರೆ ಆಗುತ್ತಿರಲಿಲ್ಲ. ನಾನು ಕೊಪ್ಪಳದ ಕಡೆಯವಳು. ಸಮುದ್ರ ನೋಡಿದ್ದೇ ಕಾಲೇಜಿನ ಟೂರಿನಲ್ಲಿ, ಗೋಕರ್ಣದಲ್ಲಿ. ಅಲ್ಲಿ ಕಾಲಿಗೆ ಸುತ್ತಿಕೊಂಡ ಹಸಿರು ಲೋಳೆಯನ್ನು ಕಿತ್ತು ಎಸೆದಿದ್ದೆ. ಅದನ್ನು ತಿನ್ನುವ ಊರಿಗೆ ಬಂದು ಸೇರುತ್ತೇನೆ ಅಂತ ಯಾರಿಗೆ ಗೊತ್ತಿತ್ತು?

ಗಿಮ್ ಅನ್ನುವ ಪಾಚಿಯ ಹಾಳೆ ಬೇಗ ಹಿಡಿಸಿತು. ಕಾಗದದಷ್ಟು ತೆಳ್ಳಗೆ, ಉಪ್ಪು, ಎಳ್ಳೆಣ್ಣೆ ಸವರಿ ಸುಟ್ಟಿರುತ್ತಾರೆ, ಹಪ್ಪಳದ ಹಾಗೆ ಕರುಮ್ ಅನ್ನುತ್ತದೆ. ಸಾರಿಗೆ ಹಾಕುವ ಪಾಚಿ ಮಿಯೊಕ್ ಮಾತ್ರ ಬೇರೆ ಸಂಗತಿ. ಒಣಗಿದಾಗ ಕಪ್ಪು ಸಿಪ್ಪೆ, ನೆನೆಸಿದರೆ ಹತ್ತು ಪಟ್ಟು ಉಬ್ಬುತ್ತದೆ. ಬಂದ ಹೊಸದರಲ್ಲಿ ಇದು ತಿಳಿಯದೆ ಇಡೀ ಪ್ಯಾಕೆಟ್ ನೆನೆಸಿದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪಾತ್ರೆ ತುಂಬಿ ಸಿಂಕಿಗೆ ಇಳಿದಿತ್ತು. ಇವರು ನೋಡಿ, "ಇದನ್ನು ಸಾರು ಮಾಡ್ತೀಯೋ, ಚಾಪೆ ನೇಯ್ತೀಯೋ?" ಅಂದಿದ್ದರು. ಅವತ್ತಿಂದ ಆ ತಂಟೆಗೆ ಹೋಗಿರಲಿಲ್ಲ.

ಮಗಳು ಹಾಗಲ್ಲ. ಎರಡನೇ ಕ್ಲಾಸು. ಶಾಲೆಯ ಊಟದಲ್ಲಿ ತಿಂದು ತಿಂದು ಅವಳಿಗೆ ಅದು ತಿಳಿಸಾರಿನಷ್ಟೇ ಸಲೀಸು. ಆದರೆ ಉಕ್ತಲೇಖನದ ಟೆಸ್ಟ್ ಇದ್ದ ದಿನ ಮುಟ್ಟುವುದಿಲ್ಲ. ಮಿಯೊಕ್ ಜಾರುತ್ತದೆ, ತಿಂದವರೂ ಪರೀಕ್ಷೆಯಲ್ಲಿ ಜಾರುತ್ತಾರಂತೆ. ಇಲ್ಲಿ "ಮಿಯೊಕ್‌ಗುಕ್ ತಿಂದ" ಅಂದರೆ ಫೇಲಾದ ಅಂತಲೂ ಅರ್ಥ. ನಾವು ಪರೀಕ್ಷೆಗೆ ಹೊರಟವರಿಗೆ ಮೊಸರು ಸಕ್ಕರೆ ಕೊಟ್ಟು ಕಳಿಸುತ್ತಿರಲಿಲ್ಲವೇ? ಎಲ್ಲ ಊರಲ್ಲೂ ಮಾರ್ಕ್ಸಿನ ಭಯ ಹೊಟ್ಟೆಯಲ್ಲೇ ಇರೋದು.

ಸಂಜೆ ಬೆಲ್ ಆಯಿತು. ಹಲ್ಮೊನಿ ಎರಡೂ ಕೈಯಲ್ಲಿ ಬಿಸಿ ಪಾತ್ರೆ ಹಿಡಿದು ನಿಂತಿದ್ದರು. "ಗೋಮಾಂಸ ಹಾಕಿಲ್ಲ, ಮೀನೂ ಇಲ್ಲ. ದುಲ್ಕೆ ಹಾಕಿದ್ದೀನಿ" ಅಂದರು. ದುಲ್ಕೆ ಅಂದರೆ ಕಾಡೆಳ್ಳು ಅಂದ ಹಾಗೆ. ಆದರೆ ಎಳ್ಳಿನ ಜಾತಿಯೇ ಅಲ್ಲ, ನಮ್ಮ ಗುರೆಳ್ಳಿನ ಹಾಗೆ ಹೆಸರಲ್ಲಿ ಮಾತ್ರ ಎಳ್ಳು. ಮಿಯೊಕ್ ಊರಂಚಿನ ಗಿಜಾಂಗಿನದಂತೆ. ಅಲ್ಲಿನ ಕಡಲಿನ ಸೆಳೆತಕ್ಕೆ ಎಲೆ ಗಟ್ಟಿಯಾಗಿ ಬೆಳೆಯುತ್ತದೆ, ಎಷ್ಟು ಕುದಿಸಿದರೂ ಕರಗುವುದಿಲ್ಲ ಅಂತ ಈ ಊರಿನವರಿಗೆ ಭಾರಿ ಹೆಮ್ಮೆ.

ಮುಚ್ಚಳ ತೆಗೆದೆ. ಬೆಳ್ಳಗಿನ ಗಟ್ಟಿ ಸಾರಿನಲ್ಲಿ ಕಡು ಹಸಿರು ಎಲೆ. ಮೂಗು ಮುರಿದಿರಬೇಕು. ಮಗಳು ನನ್ನನ್ನೇ ನೋಡುತ್ತಿದ್ದಳು.

"ಇಷ್ಟ ಇಲ್ದಿದ್ರೂ ತಿನ್ನಮ್ಮ. ಅದು ನಿನ್ನ ಸಾರಲ್ಲ, ಅಜ್ಜಿದು. ಅಜ್ಜಿ ಇಲ್ಲಿ ಇಲ್ವಲ್ಲ, ಅದಕ್ಕೆ ನೀನು ತಿನ್ಬೇಕು, ಅಷ್ಟೇ."

ಕೊಪ್ಪಳದ ಅಜ್ಜಿಯ, ಅಂದರೆ ನನ್ನ ಅವ್ವನ ಬಗ್ಗೆ ಹೇಳುತ್ತಿದ್ದಳು. ಕ್ಲಾಸಿನಲ್ಲಿ ಟೀಚರ್ ಹೇಳಿದ್ದಾರಂತೆ. ಹೆತ್ತವಳಿಗೆ ಮೊದಲು ಕೊಡುವುದು ಈ ಸಾರು. ಮೂರು ವಾರ, ದಿನಕ್ಕೆ ಮೂರು ಹೊತ್ತೂ ಕೊಡುವವರಿದ್ದಾರೆ. ರಕ್ತ ಹೋಗಿರುತ್ತದೆ, ಎದೆಹಾಲು ಬರಬೇಕು ಅಂತ. ಹಾಗಾಗಿ ಹುಟ್ಟಿದ ದಿನ ಮಕ್ಕಳು ಅದನ್ನೇ ಉಂಡು, ಅಮ್ಮ ಪಟ್ಟ ಕಷ್ಟ ನೆನೆಯುತ್ತಾರೆ. ಬಾಣಂತಿಗೆ ಅಂತ ಮಿಯೊಕ್ ಕೊಂಡರೆ ಅಂಗಡಿಯವರು ಉದ್ದದ ಎಲೆಯನ್ನು ಮುರಿಯದೆ, ಮಡಚದೆ ಕೊಡಬೇಕು, ಕೊಳ್ಳುವವರು ಚೌಕಾಸಿ ಮಾಡಬಾರದು. ಹೆರಿಗೆಯ ದೇವತೆಗೂ ಅಜ್ಜಿ ಅಂತಲೇ ಹೆಸರು, ಸಮ್‌ಶಿನ್ ಹಲ್ಮೊನಿ. ಅವಳಿಗೂ ಇದೇ ಸಾರು, ಅನ್ನ ಇಡುತ್ತಾರೆ.

ನಾಲ್ವತ್ತು ಹುಟ್ಟುಹಬ್ಬ ಆಗಿದೆ ನನಗೆ. ಆರತಿ ಎತ್ತಿಸಿಕೊಂಡಿದ್ದೇನೆ, ಹೊಸ ಬಟ್ಟೆ ಹಾಕಿದ್ದೇನೆ. ಅವತ್ತು ಅವ್ವ ಏನು ತಿಂದಳು ಅಂತ ಒಂದು ಸಲವೂ ಕೇಳಿಲ್ಲ.

ಸಾರು ಬಾಯಿಗಿಟ್ಟೆ. ಮೊದಲು ಎಳ್ಳೆಣ್ಣೆ, ಬೆಳ್ಳುಳ್ಳಿ. ಆಮೇಲೆ ದುಲ್ಕೆಯ ಘಮ, ಗುರೆಳ್ಳು ಚಟ್ನಿಗೆ ದೂರದ ನೆಂಟ. ಕೊನೆಗೆ ಎಲೆ. ಲೋಳೆ ಇತ್ತು. ಆದರೆ ಹಲ್ಲಿಗೆ ಸಿಕ್ಕಿದಾಗ ನಾರಿಲ್ಲದೆ ಕಟುಮ್ ಅಂತು. ಕಡಲ ವಾಸನೆಗೆ ಹೆದರಿದ್ದೆ, ಅದು ಬರೀ ಉಪ್ಪಿನ ಹಾಗೆ ನಾಲಿಗೆಯ ಹಿಂದೆ ಉಳಿಯಿತು. ಇನ್ನೊಂದು ಸೌಟು ಹಾಕಿಕೊಂಡೆ. ಮಗಳು ಗೆದ್ದವಳ ಹಾಗೆ ನಕ್ಕಳು.

ಊಟ ಆದ ಮೇಲೆ ಅವ್ವನಿಗೆ ಫೋನ್ ಮಾಡಿದೆ.

"ನಾನು ಹುಟ್ಟಿದಾಗ ನಿನಗೆ ಏನು ಕೊಟ್ರು?"

"ಏನ್ ಕೊಡ್ತಾರ, ಬಿಸಿ ಅನ್ನ, ತುಪ್ಪ, ಬಳ್ಳೊಳ್ಳಿ ಖಾರ. ಅಂಟಿನುಂಡಿ. ಅಳವಿ ಪಾಯಸ."

ಅಳವಿ! ಮರೆತೇ ಹೋಗಿತ್ತು. ಆ ಪುಟ್ಟ ಕೆಂಪು ಬೀಜ ನೆನೆಸಿದರೆ ಉಬ್ಬಿ, ಮೈಯೆಲ್ಲ ಲೋಳೆಯಾಗುತ್ತದೆ. ನನಗೂ ಮಾಡಿಕೊಟ್ಟಿದ್ದರು, ಒಳ್ಳೆಯದು ಅಂತ ಕಣ್ಣು ಮುಚ್ಚಿ ಕುಡಿದಿದ್ದೆ. ಆಗ ಆ ಲೋಳೆಗೆ ಮೂಗು ಮುರಿದಿರಲಿಲ್ಲ.

"ನೀರು ಒಂದು ಕೇಳಂಗಿರಲಿಲ್ಲ ನೋಡು" ಅಂದಳು ಅವ್ವ, ತಾನಾಗೇ. "ನೀ ಹುಟ್ಟಿದ್ದು ಮೇ ತಿಂಗಳದಾಗ. ನಮ್ಮೂರ ಬಿಸಿಲು ಗೊತ್ತಲ್ಲ. ಬಾಣಂತಿ ಖೋಲಿ, ಕಿಡಕಿ ಮುಚ್ಚಿ, ಮಂಚದ ಕೆಳಗ ಕೆಂಡ. ನೀರು ಕುಡಿದ್ರ ಹೊಟ್ಟಿ ಬರ್ತೈತಿ ಅಂತಿದ್ರು. ಒಂದಿನ ತಡೀಲಾರದ ಬಚ್ಚಲಕ ಹೋದಾಗ ಹಂಡೇದಾಗಿನ ನೀರು ಎರಡು ಬೊಗಸಿ ಕುಡದೆ. ಮಸಿ ವಾಸನಿ. ಯಾರಿಗೂ ಹೇಳಿಲ್ಲ."

ನನಗೆ ಮಾತು ಹೊರಡಲಿಲ್ಲ. ನನ್ನ ಬಾಣಂತನದ ಹೊತ್ತಿಗೆ ಡಾಕ್ಟರು ಚೆನ್ನಾಗಿ ನೀರು ಕುಡೀರಿ ಅಂತಲೇ ಹೇಳಿ ಕಳಿಸಿದ್ದರು. ಆಗಲೂ ದೊಡ್ಡವ್ವ ಲೋಟ ಅರ್ಧವೇ ತುಂಬುತ್ತಿದ್ದಳು. ಪಾಪ, ಪ್ರೀತಿಯಿಂದಲೇ. ಊರಿನ ಮನೆಗಳಲ್ಲಿ ಆ ಅರ್ಧ ಲೋಟ ಈಗಲೂ ಇದೆ ಅಂತ ಗೆಳತಿಯರು ಹೇಳುತ್ತಿರುತ್ತಾರೆ. ಬಾಣಂತಿಯ ಆರೈಕೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ ಅಂತ ಹಲ್ಮೊನಿಯ ಮುಂದೆ ನಾನೇ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ!

ವಿಷಯ ಬದಲಿಸೋಣ ಅಂತ ಅವ್ವನಿಗೆ ಮಿಯೊಕ್‌ಗುಕ್ ಕತೆ ಹೇಳಿದೆ. ಇಲ್ಲಿ ಬಾಣಂತಿಯರಿಗೆ ಇದನ್ನೇ ಕೊಡ್ತಾರೆ, ಮೂರು ಹೊತ್ತೂ, ದೊಡ್ಡ ಬಟ್ಟಲಲ್ಲಿ ಅಂದೆ. ಕಡಲ ಪಾಚಿ ಅಂದಾಗ ಅವ್ವ "ಇಶ್ಶಿ" ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಆಮೇಲೆ ಕೇಳಿದಳು, "ಆ ಸಾರಿಗೆ ನೀರು ಎಷ್ಟು ಹಾಕ್ತಾರ?"