ಧಾಬಾದ 15 ಆಂಪ್ ಸಾಕೆಟ್

ಬೆಂಗಳೂರು ಬಿಟ್ಟು ಇವತ್ತು ಐದನೇ ದಿನ. ಎಲೆಕ್ಟ್ರಿಕ್ ಕಾರಿನಲ್ಲಿ 44ನೇ ಹೆದ್ದಾರಿ ಹಿಡಿದು ಶ್ರೀನಗರದ ಕಡೆಗೆ ಹೊರಟಿದ್ದೇವೆ. ಈಗ ಮಧ್ಯಪ್ರದೇಶದ ಸಿವನಿ.

ಮೊನ್ನೆ ಆದಿಲಾಬಾದ್ ದಾಟಿದ ಮೇಲೆ ನಂಬಿಕೊಂಡಿದ್ದ ಚಾರ್ಜರ್ ಕೆಟ್ಟು ನಿಂತಿತ್ತು. ಬ್ಯಾಟರಿ 9%. ಮುಂದಿನದು 40 ಕಿಲೋಮೀಟರ್ ದೂರ. ನಿಜಕ್ಕೂ ಭಯವಾಯಿತು. ಪಕ್ಕದ ಧಾಬಾದವರು ಗ್ರೈಂಡರ್ ಪ್ಲಗ್ ಕಿತ್ತು 15 ಆಂಪ್ ಸಾಕೆಟ್ ನಮಗೆ ಬಿಟ್ಟುಕೊಟ್ಟರು. ಅದರಲ್ಲಿ ಗಂಟೆಗೆ 3 ಯೂನಿಟ್ ಹತ್ತುವುದೇ ಜಾಸ್ತಿ. ಮೂರು ಗಂಟೆ ಮಂಚದ ಮೇಲೆ ಕೂತೆವು. ಅವರ ಮಗಳ ಮದುವೆ, ಹತ್ತಿ ಬೆಲೆ, ಮಳೆ, ಎಲ್ಲ ಮಾತಾಡಿದೆವು. ಕರೆಂಟಿಗೆ ದುಡ್ಡು ತೆಗೆದುಕೊಂಡರು, ಚಹಾಕ್ಕೆ ಮಾತ್ರ ಬೇಡವೇ ಬೇಡ ಅಂದರು.

ಪೆಟ್ರೋಲ್ ಕಾರಾಗಿದ್ದರೆ ಆ ಊರು ಕಿಟಕಿಯಲ್ಲಿ ಹಾದುಹೋಗುತ್ತಿತ್ತು, ಅಲ್ವಾ?

ಈಗ ಓಡಿಸುವ ರೀತಿಯೇ ಬದಲಾಗಿದೆ. 110ರಲ್ಲಿ ಹೋದರೆ ಗಾಳಿಯನ್ನು ಸೀಳುವುದಕ್ಕೇ ಚಾರ್ಜ್ ಕರಗುತ್ತದೆ, 80ರಲ್ಲಿ ನೆಮ್ಮದಿ. ಚಾರ್ಜ್ 80% ಆದ ಮೇಲೆ ತುಂಬಾ ನಿಧಾನ, ಸುಮ್ನೆ ಕಾಯದೆ ಹೊರಡುತ್ತೇವೆ.

ನಿನ್ನೆ ಪೆಂಚ್ ಕಾಡಿನಲ್ಲಿ ರಸ್ತೆಯನ್ನೇ ಎತ್ತರಿಸಿದ್ದು ನೋಡಿದೆ. ಕೆಳಗೆ ಹುಲಿ, ಜಿಂಕೆಗಳು ದಾಟಲು ದಾರಿ. ಅದರ ಮೇಲೆ ಕಾರು ಸದ್ದೇ ಇಲ್ಲದೆ ಹೋಗುವಾಗ ಮನಸ್ಸು ತುಂಬಿ ಬಂತು. ಕಿಟಕಿ ಇಳಿಸಿದೆ. ಜೀರುಂಡೆ ಕೇಳಿಸುತ್ತಿತ್ತು.

ನಾಳೆ ಮಧ್ಯಪ್ರದೇಶದ್ದೇ ಸಾಗರ, ಆಮೇಲೆ ಝಾನ್ಸಿ. ಜಮ್ಮು ಕಡೆಯ ಬೆಟ್ಟ ಹತ್ತುವಾಗ ಕಳೆದುಕೊಂಡದ್ದರಲ್ಲಿ ಒಂದಿಷ್ಟು, ಇಳಿಯುವಾಗ ಬ್ಯಾಟರಿಗೆ ವಾಪಸ್ ಬರುತ್ತದಂತೆ. ಅದನ್ನು ನೋಡಲು ಕಾಯುತ್ತಿದ್ದೇನೆ.